ಕೂದಲು ಉದುರುವ ಪುಟ್ಟ ಮನೆಗೆ ಯಾವ ರೋಬೋ?

ತಾನೇ ಓಡಾಡಿ ಕಸ ಗುಡಿಸುವ ರೋಬೋ ವ್ಯಾಕ್ಯೂಮ್ ಬಗ್ಗೆ ಬಂದ ಪತ್ರಗಳಲ್ಲಿ ನಾಯಿ, ಬೆಕ್ಕು ಸಾಕಿದವರದ್ದೇ ಹೆಚ್ಚು. ಅವರಲ್ಲೂ ಬಹುಪಾಲು ಒಂದೋ ಎರಡೋ ಬೆಡ್‌ರೂಮಿನ ಮನೆಯವರು. ಆದ್ದರಿಂದ ಈ ಸಲದ ಅಂಕಣ ಪೂರ್ತಿ ಅವರಿಗೇ.

ಪ್ರಶ್ನೆ: ನಮ್ಮದು 600 ಚದರಡಿಯ ಫ್ಲ್ಯಾಟ್, ಟೈಲ್ಸ್ ನೆಲ. ಮನೆಯಲ್ಲಿ ಲ್ಯಾಬ್ರಡಾರ್ ಇದೆ, ದಿನಾ ಒಂದು ಮುಷ್ಟಿ ಕೂದಲು ಉದುರುತ್ತದೆ. ಅಂಗಡಿಯಲ್ಲಿ 4,000 ಪಾಸ್ಕಲ್, 8,000 ಪಾಸ್ಕಲ್ ಎಂದು ಏನೇನೋ ಹೇಳುತ್ತಾರೆ. ದೊಡ್ಡ ಸಂಖ್ಯೆಯದ್ದನ್ನೇ ತಗೊಳ್ಳಬೇಕಾ? — ಬೆಂಗಳೂರಿನ ಓದುಗರು

ಬೇಕಿಲ್ಲ. ಪಾಸ್ಕಲ್ ಎನ್ನುವುದು ಗಾಳಿ ಎಳೆಯುವ ಒತ್ತಡದ ಅಳತೆ. ಗರಿಷ್ಠ ಮೋಡ್‌ನಲ್ಲಿ ಅಳೆದ ಸಂಖ್ಯೆಯನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿರುತ್ತಾರೆ. ಮನೆಯಲ್ಲಿ ದಿನಾ ಆ ಮೋಡ್‌ನಲ್ಲಿ ಓಡಿಸಿದರೆ ಬ್ಯಾಟರಿ ಬೇಗ ಬರಿದಾಗುತ್ತದೆ, ಸದ್ದಿಗೆ ನಾಯಿಯೂ ಮೂಲೆ ಸೇರುತ್ತದೆ. ಟೈಲ್ಸ್, ಮೊಸಾಯಿಕ್, ಗ್ರಾನೈಟ್ ನೆಲದ ಮೇಲಿನ ಕೂದಲು ಎತ್ತಲು 2,500ರಿಂದ 4,000 ಪಾಸ್ಕಲ್ ಧಾರಾಳವಾಯಿತು. ಅದಕ್ಕಿಂತ ಹೆಚ್ಚಿನದು ಉಪಯೋಗಕ್ಕೆ ಬರುವುದು ದಪ್ಪ ಕಾರ್ಪೆಟ್ ಹಾಸಿದ ಮನೆಯಲ್ಲಿ.

ಅಂಗಡಿಯಲ್ಲಿ ಯಂತ್ರವನ್ನು ತಿರುವಿ ಹಾಕಿ ಹೊಟ್ಟೆಭಾಗ ನೋಡಿ. ನಡುವೆ ಉರುಳುವ ರೋಲರ್ ಇರುತ್ತದೆ. ಅದರ ತುಂಬ ಪೊರಕೆಯಂತೆ ಎಳೆಗಳಿದ್ದರೆ ನಾಯಿ ಕೂದಲು ದಾರದ ಉಂಡೆಯ ಹಾಗೆ ಅದಕ್ಕೆ ಸುತ್ತಿಕೊಳ್ಳುತ್ತದೆ. ಬರೀ ರಬ್ಬರ್ ಏಣುಗಳಿದ್ದರೆ ಕೂದಲು ನಡುವೆ ನಿಲ್ಲದೆ ಬಹುಪಾಲು ಡಬ್ಬಿಗೆ ಹೋಗುತ್ತದೆ. ಆದರೆ ಒಂದಿಷ್ಟು ಜಾರಿ ಎರಡೂ ತುದಿಗೆ ಬಂದು, ರೋಲರ್ ಕೂರುವ ಬೇರಿಂಗ್‌ಗೆ ಗಟ್ಟಿಯಾಗಿ ಸುತ್ತಿಕೊಳ್ಳುವುದು ಇಲ್ಲೂ ತಪ್ಪದು. ಅದಕ್ಕೇ ತುದಿಯ ಮುಚ್ಚಳ ಕೈಯಲ್ಲೇ ಕಳಚುತ್ತದೆಯೇ ಎಂದು ಅಲ್ಲೇ ಕಳಚಿ ನೋಡಿ. ಕಳಚದ ಮಾದರಿಯಾದರೆ ಒಳಗೆ ಸೇರಿದ ಕೂದಲು ತಿರುಗಿ ತಿರುಗಿ ಬಿಸಿಯಾಗಿ ಪ್ಲಾಸ್ಟಿಕ್ ಸವೆಯುತ್ತದೆ. ಆರು ತಿಂಗಳಲ್ಲಿ ಕಿರುಗುಟ್ಟುವ ಸದ್ದು ಶುರುವಾದರೆ ಕಾರಣ ಅದೇ.

ಆಮೇಲೆ ಕಸದ ಡಬ್ಬಿ. ಒರೆಸುವ ಸೌಲಭ್ಯವೂ ಇರುವ ಯಂತ್ರಗಳಲ್ಲಿ ಡಬ್ಬಿ ಮತ್ತು ನೀರಿನ ಟ್ಯಾಂಕ್ ಒಂದೇ ಜಾಗ ಹಂಚಿಕೊಂಡಿದ್ದರೆ ಕಸಕ್ಕೆ ಉಳಿಯುವುದು 250–300 ಮಿ.ಲೀ. ಲ್ಯಾಬ್ರಡಾರ್‌ಗೆ ಅದು ಸಾಲದು. ಈ ನಾಯಿಗೆ ಮೇಲಿನ ಒರಟು ಕೂದಲಿನ ಅಡಿಯಲ್ಲಿ ಹತ್ತಿಯಂಥ ಮೆತ್ತನೆ ಕೂದಲಿನ ಇನ್ನೊಂದು ಪದರ ಇರುತ್ತದೆ. ಆ ಪದರ ಉದುರುವ ತಿಂಗಳುಗಳಲ್ಲಿ ಒಂದೇ ಸುತ್ತಿಗೆ ಡಬ್ಬಿ ತುಂಬುತ್ತದೆ. ತುಂಬಿದ ಡಬ್ಬಿಯ ಬಾಯಿಗೆ ಕೂದಲು ಅಡ್ಡ ಕೂತರೆ ಎಳೆತವೇ ನಿಂತುಹೋಗುತ್ತದೆ. ಮೋಟಾರ್ ಕೆಟ್ಟಿತೆಂದು ಸರ್ವಿಸ್‌ಗೆ ಒಯ್ಯುವ ಮೊದಲು ಅಲ್ಲಿ ಬೆರಳು ಹಾಕಿ ನೋಡಿ. 400 ಮಿ.ಲೀ. ಅಥವಾ ಅದಕ್ಕೂ ದೊಡ್ಡ ಡಬ್ಬಿ ಇರಲಿ.

ಹಣ ಹಾಕುವುದಾದರೆ ಲೇಸರ್‌ಗೆ ಹಾಕಿ. ಮೇಲೆ ಪುಟ್ಟ ಗೋಪುರದಂಥ ಲೇಸರ್ ಇರುವ ರೋಬೋ ಕೋಣೆಯ ನಕ್ಷೆ ಬರೆದುಕೊಂಡು ಸಾಲು ಹಿಡಿದು ಗುಡಿಸುತ್ತದೆ, ಕತ್ತಲಲ್ಲೂ ದಾರಿ ತಪ್ಪದು. ಲೇಸರ್ ಇಲ್ಲದ ಅಗ್ಗದ ಯಂತ್ರಗಳು ಢಿಕ್ಕಿ ಹೊಡೆದು ತಿರುಗುತ್ತ ಹೋಗುತ್ತವೆ. ಕುರ್ಚಿ, ಟೀಪಾಯಿ ತುಂಬಿದ ಸಣ್ಣ ಮನೆಯಲ್ಲಿ ಒಂದೇ ಜಾಗ ನಾಲ್ಕು ಸಲ ಗುಡಿಸಿ ಇನ್ನೊಂದನ್ನು ಬಿಟ್ಟುಬಿಡುತ್ತವೆ. 20,000 ರೂಪಾಯಿ ಆಸುಪಾಸಿನಲ್ಲೇ ಈಗ ಲೇಸರ್ ಇರುವುದು ಸಿಗುತ್ತದೆ. ಆದರೆ ಗೋಪುರದಿಂದಾಗಿ ಎತ್ತರ 8ರ ಬದಲು 9.5–10 ಸೆಂ.ಮೀ. ಆಗುತ್ತದೆ. ನಾಯಿ ಕೂದಲೆಲ್ಲ ಹೋಗಿ ಸೇರುವುದೇ ಮಂಚದಡಿ, ಹಾಗಾಗಿ ಟೇಪ್ ಹಿಡಿದು ಮಂಚ, ಸೋಫಾ ಕೆಳಗಿನ ಎತ್ತರ ಅಳೆದುಕೊಂಡೇ ಅಂಗಡಿಗೆ ಹೋಗಿ. ಯಂತ್ರಕ್ಕಿಂತ 1 ಸೆಂ.ಮೀ. ಹೆಚ್ಚಿರಲಿ. ಅಗಲ ಸುಮಾರು 35 ಸೆಂ.ಮೀ. ಇರುವುದರಿಂದ ಕುರ್ಚಿ ಕಾಲುಗಳ ನಡುವೆ 38 ಸೆಂ.ಮೀ. ಬೇಕು.

ದೊಡ್ಡ ಬ್ಯಾಟರಿಗೆ ದುಡ್ಡು ಸುರಿಯಬೇಡಿ. 600 ಚದರಡಿಯಲ್ಲಿ ಗೋಡೆ, ಬೀರು, ಅಡುಗೆ ಕಟ್ಟೆ ಕಳೆದರೆ ಗುಡಿಸಲು ಸಿಗುವ ನೆಲ 350 ಚದರಡಿ ಇರಬಹುದು. ನಿಮಿಷಕ್ಕೆ ಸುಮಾರು ಒಂದು ಚದರ ಮೀಟರ್ ಲೆಕ್ಕದಲ್ಲಿ 35–40 ನಿಮಿಷದ ಕೆಲಸ. 90 ನಿಮಿಷ ಓಡುವ ಬ್ಯಾಟರಿ ಸಾಕು.

ಪ್ರಶ್ನೆ: ಎರಡು ಬೆಕ್ಕುಗಳಿವೆ. ಅವು ಮಲಮೂತ್ರ ಮಾಡುವ ಲಿಟರ್ ಪೆಟ್ಟಿಗೆಯಿಂದ ಮರಳು ಮನೆಯೆಲ್ಲ ಹರಡುತ್ತದೆ. ಗುಡಿಸಿ ಒರೆಸುವ ರೋಬೋ ತರೋಣ ಎಂದಿದ್ದೇವೆ. ಒರೆಸುವ ನೀರಿಗೆ ಫಿನಾಯಿಲ್ ಹಾಕಬಹುದೇ? — ಮೈಸೂರಿನ ಓದುಗರು

ಫಿನಾಯಿಲ್ ಖಂಡಿತ ಬೇಡ. ಯಂತ್ರದ ವಿಷಯ ಆಮೇಲೆ, ಮೊದಲು ಬೆಕ್ಕಿನ ವಿಷಯ. ಕಪ್ಪು ಫಿನಾಯಿಲ್‌ನಲ್ಲಿ ಫೀನಾಲ್ ಜಾತಿಯ ರಾಸಾಯನಿಕಗಳಿರುತ್ತವೆ, ಬಿಳಿಯದರಲ್ಲಿ ಸಾಮಾನ್ಯವಾಗಿ ಪೈನ್ ಎಣ್ಣೆ. ಇವನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ನೆಲ ತುಳಿದ ಬೆಕ್ಕು ದಿನಕ್ಕೆ ಹತ್ತಾರು ಸಲ ಪಾದ ನೆಕ್ಕುತ್ತದೆ, ಹಾಗೆ ಅದು ಹೊಟ್ಟೆಗೆ ಸೇರುತ್ತದೆ. ರೋಬೋ ಟ್ಯಾಂಕಿಗೂ ಫಿನಾಯಿಲ್ ಆಗದು. ಸಣ್ಣ ರಂಧ್ರಗಳಲ್ಲಿ ಅಂಟಿ ಕೂತು ನೀರು ಬರುವುದು ನಿಲ್ಲುತ್ತದೆ. ಬರೀ ನೀರು ಸಾಕು. ಅದೂ ಬೋರ್‌ವೆಲ್ ನೀರಲ್ಲ, ಕುಡಿಯಲು ಬಳಸುವ ಫಿಲ್ಟರ್ ನೀರು. ಗಡಸು ನೀರಿನ ಬಿಳಿ ಉಪ್ಪು ಕೆಲವೇ ತಿಂಗಳಲ್ಲಿ ಟ್ಯಾಂಕಿನ ದಾರಿ ಮುಚ್ಚುತ್ತದೆ. 250 ಮಿ.ಲೀ. ಟ್ಯಾಂಕಿಗೆ ಎಷ್ಟು ಮಹಾ ನೀರು ಬೇಕು!

ಮರಳಿನದ್ದು ಬೇರೆ ತೊಂದರೆ. ಉಂಡೆಗಟ್ಟುವ ಲಿಟರ್ ಬೆಂಟೊನೈಟ್ ಜೇಡಿಯದು, ಒದ್ದೆ ತಾಗಿದರೆ ಕೆಸರು. ಒಂದೇ ಸುತ್ತಿನಲ್ಲಿ ಗುಡಿಸಿ ಒರೆಸುವಂತೆ ಬಿಟ್ಟರೆ ಉಳಿದ ಕಾಳುಗಳ ಮೇಲೆ ಒದ್ದೆ ಬಟ್ಟೆ ಹೋಗಿ ಬೂದು ಪಟ್ಟೆ ಎಳೆಯುತ್ತದೆ. ಮೊದಲು ಬಟ್ಟೆ ತೆಗೆದು ಬರೀ ಗುಡಿಸಲು ಬಿಡಿ, ಮುಗಿದ ಮೇಲೆ ಬಟ್ಟೆ ಹಾಕಿ ಒರೆಸಲು ಬಿಡಿ. ಇನ್ನೊಂದು ತೊಂದರೆ ಸೈಡ್ ಬ್ರಷ್‌ದು. ಅದು ಜೋರಾಗಿ ತಿರುಗಿ ಕಾಳುಗಳನ್ನು ಚಟಚಟನೆ ಗೋಡೆಗೆ ಸಿಡಿಸುತ್ತದೆ. ರೋಬೋದ ಮೊಬೈಲ್ ಆ್ಯಪ್‌ನಲ್ಲಿ ವೇಗ ತಗ್ಗಿಸುವ ಆಯ್ಕೆಯಿದ್ದರೆ ತಗ್ಗಿಸಿ. ಇಲ್ಲದಿದ್ದರೆ ಲಿಟರ್ ಪೆಟ್ಟಿಗೆಯ ಮುಂದೆ ಜೇನುಗೂಡಿನಂತೆ ತೂತಿರುವ ಎರಡು ಪದರದ ಚಾಪೆ ಹಾಸಿ, ಅದರ ಸುತ್ತ ಒಂದಡಿ ಜಾಗಕ್ಕೆ ರೋಬೋ ಬಾರದಂತೆ ಆ್ಯಪ್‌ನ ನಕ್ಷೆಯಲ್ಲಿ ಗೆರೆ ಹಾಕಿ. ಆ ಒಂದಡಿಯನ್ನು ಕೈಪೊರಕೆಯಲ್ಲಿ ಗುಡಿಸುವುದೇ ಸುಲಭ. ನೀರಿನ ಬಟ್ಟಲಿಗೂ ಇದೇ ಗೆರೆ ಬೇಕು. ರೋಬೋ ಗುದ್ದಿ ಚೆಲ್ಲಿದ ನೀರನ್ನು ತಾನೇ ಎಳೆದುಕೊಂಡರೆ ಒಳಗೆ ದೂಳು ಸೋಸುವ ಫಿಲ್ಟರ್ ಒದ್ದೆಯಾಗುತ್ತದೆ, ಮೋಟಾರಿಗೂ ಅಪಾಯ.

ಪ್ರಶ್ನೆ: ನಾಲ್ಕು ತಿಂಗಳ ನಾಯಿಮರಿ ಇದೆ. ನಾವಿಬ್ಬರೂ ಹಗಲಲ್ಲಿ ಕೆಲಸಕ್ಕೆ ಹೋಗುತ್ತೇವ್ರಿ. ನಾವಿಲ್ಲದಾಗ ಟೈಮರ್ ಇಟ್ಟು ಓಡಿಸಬಹುದಾ? — ಹುಬ್ಬಳ್ಳಿಯ ಓದುಗರು

ಈಗ ಬೇಡ. ನಾಲ್ಕು ತಿಂಗಳ ಮರಿ ಹಗಲು ಪೂರ್ತಿ ತಡೆದುಕೊಳ್ಳಲಾರದು, ಎಲ್ಲೋ ಒಂದು ಕಡೆ ಕಕ್ಕಸ್ಸು ಮಾಡಿಯೇ ಮಾಡುತ್ತದೆ. ಲೇಸರ್ ನೋಡುವುದು ಗೋಪುರದ ಎತ್ತರದಲ್ಲಿ, ಅಂದರೆ ನೆಲದಿಂದ ಸುಮಾರು 9 ಸೆಂ.ಮೀ. ಮೇಲೆ. ಅದರ ಕೆಳಗಿರುವ ಮಲ, ಚಾರ್ಜರ್ ವೈರು, ಕಾಲುಚೀಲ ಯಾವುದೂ ಅದಕ್ಕೆ ಕಾಣದು. ಯಂತ್ರ ಅದರ ಮೇಲೆ ಹತ್ತಿ, ರೋಲರ್ ಮತ್ತು ಚಕ್ರಕ್ಕೆ ಮೆತ್ತಿಕೊಂಡು, ಸಾಲು ಹಿಡಿದು ಮನೆಯೆಲ್ಲ ಬಳಿಯುತ್ತದೆ. ಮುಂಭಾಗದಲ್ಲಿ ಕ್ಯಾಮೆರಾ ಇದ್ದು ವಸ್ತು ಗುರುತಿಸುವ ಮಾದರಿಗಳು ಇದನ್ನು ಬಹುಮಟ್ಟಿಗೆ ತಪ್ಪಿಸುತ್ತವೆ. 2021ರಲ್ಲಿ ಐರೋಬಾಟ್ ಕಂಪನಿ ತನ್ನ ಜೆ7 ಪ್ಲಸ್ ಮಾದರಿ ಸಾಕುಪ್ರಾಣಿಯ ಮಲ ತಪ್ಪಿಸದಿದ್ದರೆ ಯಂತ್ರ ಬದಲಿಸಿ ಕೊಡುವುದಾಗಿ ಹೇಳಿತು. ಆ ಮಾತು ಕೊಟ್ಟದ್ದೂ ಗಟ್ಟಿ ಮಲಕ್ಕೆ ಮಾತ್ರ. ತೆಳ್ಳನೆ ಭೇದಿ, ಮೂತ್ರ ಟೈಲ್ಸ್ ಮೇಲೆ ಕ್ಯಾಮೆರಾಕ್ಕೂ ಸರಿಯಾಗಿ ತಿಳಿಯದು. ಕ್ಯಾಮೆರಾ ಇರುವುದನ್ನು ಕೊಂಡರೆ ಓಡುವಾಗ ಕೋಣೆಯಲ್ಲಿ ಬೆಳಕು ಬೇಕು ಎನ್ನುವುದೂ ನೆನಪಿರಲಿ.

ಮರಿಯನ್ನು ಹೊರಗೆ ಸುತ್ತಾಡಿಸಿ ತಂದ ಮೇಲೆ, ನೀವು ಮನೆಯಲ್ಲಿದ್ದಾಗ, ನೆಲದ ಮೇಲೊಮ್ಮೆ ಕಣ್ಣಾಡಿಸಿ ಓಡಿಸಿ. ಸತತ ಒಂದು ತಿಂಗಳು ಮನೆಯೊಳಗೆ ಒಮ್ಮೆಯೂ ಗಲೀಜು ಆಗದಿದ್ದರೆ ಆಮೇಲೆ ಟೈಮರ್ ಯೋಚಿಸಿ. ಮೊದಲ ಎರಡು ಮೂರು ದಿನ ಯಂತ್ರವನ್ನು ಆನ್ ಮಾಡದೆ ಹಾಗೇ ನೆಲದ ಮೇಲಿಟ್ಟು ಮರಿ ಮೂಸಿ ನೋಡಲು ಬಿಡಿ. ಆಮೇಲೆ ಪಕ್ಕದ ಕೋಣೆಯಲ್ಲಿ ಐದು ನಿಮಿಷ ಕಡಿಮೆ ಮೋಡ್‌ನಲ್ಲಿ ಓಡಿಸಿ, ಸದ್ದು ಕೇಳುತ್ತಿರುವಾಗಲೇ ಬಿಸ್ಕತ್ತು ಕೊಡಿ. ಹೆದರಿದ ಮರಿಯ ಹಿಂದೆ ಯಂತ್ರ ಬಿಟ್ಟು ಆಟ ನೋಡಬಾರದು. ಆ ಭಯ ಬೆಳೆದ ಮೇಲೂ ಹೋಗದೆ ಉಳಿಯಬಹುದು.

ಅನಾಹುತ ಆಗಿಯೇ ಹೋದರೆ ಆ್ಯಪ್‌ನಲ್ಲಿ ನಿಲ್ಲಿಸಿ ಸುಮ್ಮನಾಗಬೇಡಿ. ನಿಲ್ಲಿಸಿದರೆ ಚಾರ್ಜ್ ಆಗುವ ನೆಲೆಗೆ, ಅಂದರೆ ಡಾಕ್‌ಗೆ, ವಾಪಸು ಹೊರಟು ದಾರಿಯುದ್ದ ಇನ್ನಷ್ಟು ಬಳಿಯಬಹುದು. ಮೈಮೇಲಿನ ಗುಂಡಿ ಒತ್ತಿ ಪೂರ್ತಿ ಆಫ್ ಮಾಡಿ, ಎತ್ತಿ ಹಳೇ ಪೇಪರ್ ಮೇಲೆ ಬೋರಲು ಹಾಕಿ. ಗ್ಲೋವ್ಸ್ ಹಾಕಿಕೊಂಡು ಡಬ್ಬಿ, ರೋಲರ್, ಸೈಡ್ ಬ್ರಷ್ ಕಳಚಿ. ಫಿಲ್ಟರ್ ಎಸೆಯಿರಿ, ತೊಳೆದು ಉಳಿಸುವ ಆಸೆ ಬೇಡ. ಕಳಚಿದ ಭಾಗಗಳನ್ನು ಉಗುರುಬೆಚ್ಚಗಿನ ನೀರಲ್ಲಿ ಪಾತ್ರೆ ಸೋಪು ಹಾಕಿ ತೊಳೆಯಿರಿ. ಎರಡು ದೊಡ್ಡ ಚಕ್ರಗಳ ರಬ್ಬರ್ ಹಲ್ಲುಗಳಲ್ಲೇ ಹೆಚ್ಚು ಮೆತ್ತಿರುತ್ತದೆ. ಒದ್ದೆ ಟೂತ್‌ಬ್ರಷ್‌ನಿಂದ ಚಕ್ರ ತಿರುಗಿಸುತ್ತ ಒಂದೊಂದೇ ಹಲ್ಲು ಉಜ್ಜಿ. ಯಂತ್ರದ ಮೈಗೆ ಮಾತ್ರ ನಲ್ಲಿ ನೀರು ತಾಗಬಾರದು. 24 ಗಂಟೆ ಒಣಗಿದ ಮೇಲೆ ಜೋಡಿಸಿ. ನೆಲಕ್ಕೆ ಎನ್‌ಜೈಮ್ ಇರುವ ಕ್ಲೀನರ್ ಬಳಸಿ. ವಾಸನೆ ಉಳಿದರೆ ಮರಿ ಮತ್ತೆ ಅಲ್ಲೇ ಕೂರುತ್ತದೆ.

ಪ್ರಶ್ನೆ: ನಮ್ಮದು ಹಳೇ ಮನೆ. ಕಾವಿ ನೆಲ, ಕೋಣೆ ಕೋಣೆಗೂ ಹೊಸ್ತಿಲು, ನಡುವೆ ಕಪ್ಪು ಕಲ್ಲಿನ ಪಟ್ಟಿ. ದೇವರ ಮುಂದೆ ದಿನಾ ರಂಗೋಲಿ. ನಾಯಿ ಒಳಗೂ ಹೊರಗೂ ಓಡಾಡುತ್ತದೆ. ರೋಬೋ ನಡೆಯುತ್ತದೆಯೇ? — ಶಿವಮೊಗ್ಗ ಜಿಲ್ಲೆಯ ಓದುಗರು

ಹೊಸ್ತಿಲು 2 ಸೆಂ.ಮೀ. ಒಳಗಿದ್ದರೆ ಬಹಳಷ್ಟು ಯಂತ್ರಗಳು ಹತ್ತಿ ಇಳಿಯುತ್ತವೆ. ಅದಕ್ಕಿಂತ ಎತ್ತರವಿದ್ದರೆ ಎರಡೂ ಕಡೆ ಮರದ ಇಳಿಜಾರು ಪಟ್ಟಿ ಇಡಬಹುದು, ಆದರೆ ಕತ್ತಲಲ್ಲಿ ವಯಸ್ಸಾದವರು ಅದಕ್ಕೆ ಎಡವುತ್ತಾರೆ. ಅರಿಸಿನ ಕುಂಕುಮ ಹಚ್ಚಿ ಪೂಜಿಸುವ ಹೊಸ್ತಿಲಾದರೆ ಮನೆಯವರಿಗೂ ಅದು ಸರಿಬಾರದು. ಪ್ರತಿ ಕೋಣೆಗೂ ನೀವೇ ಎತ್ತಿಟ್ಟು ಬಾಗಿಲು ಹಾಕಿ ಓಡಿಸುವುದೇ ಮೇಲು. ಸುಮಾರು 3–4 ಕೆ.ಜಿ. ತೂಕ ಅಷ್ಟೇ.

ಕಪ್ಪು ಕಲ್ಲೇ ದೊಡ್ಡ ತಕರಾರು. ಮೆಟ್ಟಿಲಿಂದ ಬೀಳದಿರಲೆಂದು ಯಂತ್ರದ ಅಡಿಯಲ್ಲಿ ಇನ್‌ಫ್ರಾರೆಡ್ ಸೆನ್ಸರ್‌ಗಳಿರುತ್ತವೆ. ಅವು ಬಿಟ್ಟ ಕಿರಣ ನೆಲಕ್ಕೆ ತಾಗಿ ವಾಪಸು ಬಂದರೆ ನೆಲ ಇದೆ ಎಂದರ್ಥ. ಕಪ್ಪು ಮೈ ಆ ಕಿರಣವನ್ನು ಹೀರಿಕೊಳ್ಳುತ್ತದೆ. ಯಂತ್ರ ಅದನ್ನು ಗುಂಡಿಯೆಂದು ತಿಳಿದು ಹಿಂದೆ ಸರಿಯುತ್ತದೆ. ಎಲ್ಲ ಮಾದರಿಗಳೂ ಹೀಗೆ ಮಾಡುವುದಿಲ್ಲ. ಆದ್ದರಿಂದ ಕಪ್ಪು ಗ್ರಾನೈಟ್ ತುಂಡೊಂದನ್ನು ಅಂಗಡಿಗೆ ಒಯ್ದು, ಅದರ ಮೇಲೆ ಓಡಿಸಿ ತೋರಿಸಿ ಎಂದು ಕೇಳಿ. ಸೆನ್ಸರ್ ಮೇಲೆ ಟೇಪ್ ಅಂಟಿಸುವ ಉಪಾಯವನ್ನು ಹಲವರು ಹೇಳಿಕೊಡುತ್ತಾರೆ. ತೊಟ್ಟಿ, ಜಗಲಿ, ಮೆಟ್ಟಿಲು ಇರುವ ಮನೆಯಲ್ಲಿ ಅದನ್ನು ಮಾಡಲೇಬಾರದು. ಯಂತ್ರ ನೇರ ಅಂಗಳಕ್ಕೆ ಬೀಳುತ್ತದೆ.

ರಂಗೋಲಿ ಪುಡಿ ಎಂದರೆ ಕಲ್ಲಿನ ಪುಡಿ. ವಿಭೂತಿ, ಕುಂಕುಮ ಅದಕ್ಕಿಂತ ನುಣುಪು. ಇವು ಒಂದೇ ದಿನದಲ್ಲಿ ಫಿಲ್ಟರ್ ಮಡಿಕೆಗಳನ್ನು ಮುಚ್ಚಿಬಿಡುತ್ತವೆ, ಕುಂಕುಮ ಒರೆಸುವ ಬಟ್ಟೆಗೆ ಹತ್ತಿ ಊರೆಲ್ಲ ಕೆಂಪಾಗುತ್ತದೆ. ದೇವರ ಮುಂದೆ ಎರಡಡಿ ನಿಷೇಧದ ಗೆರೆ ಹಾಕಿ. ಹೊರಗೆ ಓಡಾಡುವ ನಾಯಿಯ ಪಾದದ ಮರಳಿನ ಬಗ್ಗೆಯೂ ಎಚ್ಚರ ಬೇಕು. ಮುಂದಿನ ಪುಟ್ಟ ಚಕ್ರದಲ್ಲಿ ಒಂದು ಹರಳು ಸಿಕ್ಕಿಕೊಂಡರೆ ಅಷ್ಟು ವರ್ಷ ಕಾಲಲ್ಲಿ ಸವೆದು ಹೊಳಪೇರಿದ ಕಾವಿ ನೆಲದ ಮೇಲೆ ಗೀರು ಬೀಳುತ್ತದೆ, ಅದನ್ನು ಅಳಿಸಲಾಗದು. ವಾರಕ್ಕೊಮ್ಮೆ ಆ ಚಕ್ರ ನೋಡದೆ ಕಾವಿ ನೆಲಕ್ಕೆ ಬಿಡಬೇಡಿ.

ಪ್ರಶ್ನೆ: ಮಳೆಗಾಲ ಶುರುವಾದ ಮೇಲೆ ರೋಬೋ ಓಡಿದರೆ ಮನೆಯೆಲ್ಲ ಒದ್ದೆ ನಾಯಿಯ ವಾಸನೆ. ಫಿಲ್ಟರ್ ತೊಳೆದರೂ ಹೋಗುತ್ತಿಲ್ಲ. — ಮಂಗಳೂರಿನ ಓದುಗರು

ತೊಳೆದದ್ದೇ ಕಾರಣ ಇರಬಹುದು. ಬೇಸಿಗೆಯಲ್ಲಿ 24 ಗಂಟೆಯಲ್ಲಿ ಒಣಗುವ ಫಿಲ್ಟರ್ ಜುಲೈನಲ್ಲಿ ಎರಡು ದಿನ ತೆಗೆದುಕೊಳ್ಳುತ್ತದೆ. ಹೊರಮೈ ಒಣಗಿದಂತೆ ಕಂಡರೂ ಮಡಿಕೆಗಳ ಬುಡ ಹಸಿಯಾಗಿರುತ್ತದೆ. ಅದರ ಮೇಲೆ ಕೂದಲಿನ ಜಿಡ್ಡು, ದೂಳು ಕೂತು ಬೂಸ್ಟು ಹಿಡಿಯುತ್ತದೆ. ಎರಡು ಫಿಲ್ಟರ್ ಇಟ್ಟುಕೊಂಡು ಅದಲುಬದಲು ಮಾಡಿ. ಫ್ಯಾನ್ ಮುಂದೆ ನಿಲ್ಲಿಸಿ ಒಣಗಿಸಿ, ಗ್ಯಾಸ್ ಒಲೆ ಪಕ್ಕ ಅಥವಾ ಹೇರ್ ಡ್ರೈಯರ್ ಬೇಡ, ಅಂಟು ಬಿಡುತ್ತದೆ. ನಿಮ್ಮದು ತೊಳೆಯಬಹುದಾದ ಫಿಲ್ಟರ್ ಹೌದೋ ಅಲ್ಲವೋ ಎಂದು ಕೈಪಿಡಿಯಲ್ಲಿ ನೋಡಿ. ತೊಳೆಯಬಾರದ್ದನ್ನು ಒಮ್ಮೆ ತೊಳೆದರೂ ಮುಗಿಯಿತು, ಅದನ್ನು ಬರೀ ತಟ್ಟಿ ಕೊಡವಬೇಕು. ಡಬ್ಬಿಯನ್ನೂ ಸೋಪಲ್ಲಿ ತೊಳೆಯಿರಿ. ಆದರೆ ಡಬ್ಬಿಗೆ ಲೋಹದ ಚಿಕ್ಕ ಬಿಂದುಗಳಿದ್ದರೆ ಒಳಗೆ ಕರೆಂಟ್ ಭಾಗವಿದೆ ಎಂದು ತಿಳಿದು ನೀರಲ್ಲಿ ಅದ್ದದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಬಾಗಿಲ ಬಳಿ ತೆಂಗಿನ ನಾರಿನ ಕಾಲೊರಸು ಇದ್ದರೆ ರೋಬೋ ಓಡುವಾಗ ಎತ್ತಿಡಿ. ಅದರ ನಾರು ನಾಯಿ ಕೂದಲಿಗಿಂತ ಕೆಟ್ಟದಾಗಿ ರೋಲರ್‌ಗೆ ಸುತ್ತಿಕೊಳ್ಳುತ್ತದೆ.

ಪ್ರಶ್ನೆ: ಕಸವನ್ನು ತಾನೇ ಖಾಲಿ ಮಾಡಿಕೊಳ್ಳುವ ಡಾಕ್ ಬೇಕೇ? ನಮ್ಮಲ್ಲಿ ಕರೆಂಟ್ ಪದೇ ಪದೇ ಹೋಗುತ್ತದೆ. — ತುಮಕೂರಿನ ಓದುಗರು

ದಿನಾ ಡಬ್ಬಿ ಕೊಡವಲು ಬೇಸರವಿಲ್ಲ ಎಂದಾದರೆ ಬೇಡ. ಅದು ಒಂದೂವರೆ ಅಡಿ ಎತ್ತರದ ಪೆಟ್ಟಿಗೆ. ಸಾಮಾನ್ಯವಾಗಿ ಎಡಬಲ ಅರ್ಧ ಮೀಟರ್, ಮುಂದೆ ಒಂದೂವರೆ ಮೀಟರ್ ಖಾಲಿ ಜಾಗ ಕೇಳುತ್ತದೆ. ಸಣ್ಣ ಹಾಲ್‌ನಲ್ಲಿ ಅಷ್ಟು ಗೋಡೆ ಬಿಟ್ಟುಕೊಡುವುದು ಕಷ್ಟ. ಖಾಲಿ ಮಾಡುವಾಗ ಹತ್ತು ಹದಿನೈದು ಸೆಕೆಂಡು ಮಿಕ್ಸಿಯಂತೆ ಅಬ್ಬರಿಸುತ್ತದೆ, ನಾಯಿ ಬೆಚ್ಚಿಬೀಳುತ್ತದೆ. ಒಳಗಿನ ಚೀಲ ತುಂಬಿದಾಗಲೆಲ್ಲ ಹೊಸದು ಕೊಳ್ಳಬೇಕು. ಉದ್ದ ಕೂದಲಿನ ನಾಯಿಯಾದರೆ ಕೂದಲು ಡಬ್ಬಿಯಲ್ಲಿ ಮುದ್ದೆಯಾಗಿ ಡಾಕ್‌ಗೆ ಹೋಗುವ ಕಂಡಿಯಲ್ಲೇ ಸಿಕ್ಕಿಕೊಳ್ಳುವುದೂ ಉಂಟು. ಅಲರ್ಜಿ ಇರುವವರಿಗೆ, ಬಗ್ಗಲಾಗದ ಹಿರಿಯರಿಗೆ ಮಾತ್ರ ಅದು ನಿಜವಾಗಿ ಉಪಕಾರಿ.

ಕರೆಂಟ್ ವಿಷಯ: ರೋಬೋಗೆ ಡಾಕ್ ಎಲ್ಲಿದೆ ಎಂದು ಕೊನೆಯ ಹಂತದಲ್ಲಿ ತಿಳಿಯುವುದು ಡಾಕ್ ಬಿಡುವ ಇನ್‌ಫ್ರಾರೆಡ್ ಸಂಕೇತದಿಂದ. ಕರೆಂಟ್ ಹೋದರೆ ಆ ಸಂಕೇತವೂ ಇಲ್ಲ, ಯಂತ್ರ ಹುಡುಕಿ ಹುಡುಕಿ ದಾರಿ ನಡುವೆ ನಿಲ್ಲುತ್ತದೆ. ಸಾದಾ ಚಾರ್ಜಿಂಗ್ ಡಾಕ್ ಎಳೆಯುವುದು ಒಂದು ಬಲ್ಬಿನಷ್ಟು ಕರೆಂಟ್, ಅದನ್ನೂ ವೈಫೈ ರೂಟರನ್ನೂ ಯುಪಿಎಸ್ ಲೈನಿಗೆ ಹಾಕಿ. ಖಾಲಿ ಮಾಡುವ ಡಾಕ್ ಹಾಗಲ್ಲ. ಆ ಹದಿನೈದು ಸೆಕೆಂಡಿಗೆ 600–1,000 ವ್ಯಾಟ್ ಬೇಡುತ್ತದೆ, ಸಣ್ಣ ಯುಪಿಎಸ್ ಟ್ರಿಪ್ ಆಗುತ್ತದೆ. ರೂಟರ್‌ನಲ್ಲಿ 2.4 ಗಿಗಾಹರ್ಟ್ಸ್ ವೈಫೈ ಆನ್ ಇರಲಿ, ಬಹುತೇಕ ರೋಬೋಗಳು 5 ಗಿಗಾಹರ್ಟ್ಸ್ ಹಿಡಿಯುವುದಿಲ್ಲ.

ಪ್ರಶ್ನೆ: ಮಗ ಅಮೆರಿಕದಿಂದ ಬರುವಾಗ ಅಲ್ಲಿಯದ್ದೇ ಒಂದು ತರುತ್ತೇನೆ ಎನ್ನುತ್ತಾನೆ. ತರಿಸಲೇ? — ದಾವಣಗೆರೆಯ ಓದುಗರು

ಬೇಡ ಎನ್ನಿ. ಅಲ್ಲಿ ಮಾರುವ, ಕಸ ಖಾಲಿ ಮಾಡುವ ಡಾಕ್‌ಗಳು ಸಾಮಾನ್ಯವಾಗಿ 120 ವೋಲ್ಟ್‌ನವು. ನಮ್ಮ 230 ವೋಲ್ಟ್‌ಗೆ ಹಾಕಿದ ಕ್ಷಣ ಸುಟ್ಟುಹೋಗುತ್ತವೆ. ವಾರಂಟಿ ಇಲ್ಲಿ ನಡೆಯದು, ರೋಲರ್, ಫಿಲ್ಟರ್ ಸಿಗುವುದೂ ಕಷ್ಟ. ಸಾಕುಪ್ರಾಣಿ ಇರುವ ಮನೆಯಲ್ಲಿ ಫಿಲ್ಟರ್ ಎರಡು ಮೂರು ತಿಂಗಳಿಗೆ, ರೋಲರ್ ವರ್ಷದೊಳಗೆ ಬದಲಿಸಬೇಕಾಗುತ್ತದೆ. ಇಲ್ಲಿ ಕೊಳ್ಳುವಾಗಲೂ ಬಿಡಿಭಾಗ ಸಿಗುತ್ತದೆಯೇ, ಎಷ್ಟು ಬೆಲೆ ಎಂದು ಕೇಳಿಯೇ ದುಡ್ಡು ಕೊಡಿ.

ಪ್ರಶ್ನೆ: ಮುಧೋಳ ನಾಯಿಯ ಸಣ್ಣ ಕೂದಲು ಕೌದಿ, ಜಮಖಾನಕ್ಕೆ ಚುಚ್ಚಿಕೊಂಡು ಕೂತಿರುತ್ತದೆ. ರೋಬೋ ತೆಗೆಯುತ್ತದಾ? ರಕ್ತ ಹೀರುವ ಉಣ್ಣಿ ಹುಳದ ಕಾಟವೂ ಇದೆ. — ಬಾಗಲಕೋಟೆಯ ಓದುಗರು

ಎರಡನ್ನೂ ಅದರಿಂದ ನಿರೀಕ್ಷಿಸಬೇಡಿ. ಸಣ್ಣ ಒರಟು ಕೂದಲು ರೋಲರ್‌ಗೆ ಸುತ್ತಿಕೊಳ್ಳುವುದಿಲ್ಲ ಎನ್ನುವುದು ನಿಮಗೆ ಅನುಕೂಲವೇ. ಆದರೆ ನೇಯ್ಗೆಯೊಳಗೆ ಸೂಜಿಯಂತೆ ನಾಟಿದ್ದನ್ನು ಎಳೆಯಲಾರದು. ಹಗುರ ಜಮಖಾನದ ಅಂಚನ್ನೇ ಬಾಯಿಗೆಳೆದುಕೊಂಡು ನಿಲ್ಲುತ್ತದೆ. ಅವನ್ನು ಮಡಿಸಿಟ್ಟು ಓಡಿಸಿ. ಪಾತ್ರೆ ತೊಳೆಯುವ ರಬ್ಬರ್ ಗ್ಲೋವ್ಸ್ ಸ್ವಲ್ಪ ಒದ್ದೆ ಮಾಡಿ ಒಂದೇ ದಿಕ್ಕಿಗೆ ಸವರಿದರೆ ಕೂದಲು ಉಂಡೆಯಾಗಿ ಎದ್ದು ಬರುತ್ತದೆ. ಉಣ್ಣಿಗಳು ಗೋಡೆಯ ಬಿರುಕು, ಬಾಗಿಲ ಚೌಕಟ್ಟಿನ ಸಂದಿಯಲ್ಲಿ ಮೊಟ್ಟೆಯಿಡುತ್ತವೆ. ಅಲ್ಲಿಗೆ ರೋಬೋ ತಲುಪದು. ಪಶುವೈದ್ಯರಿಂದ ನಾಯಿಗೆ ಔಷಧ ಕೊಡಿಸಿ, ಸಂದಿಗಳನ್ನು ಮುಚ್ಚಿ.

ಪ್ರಶ್ನೆ: ಕೊಂಡು ಎಂಟು ತಿಂಗಳಾಯಿತು. ಮೊದಲು ನೇರ ಓಡುತ್ತಿದ್ದ ರೋಬೋ ಈಗ ಒಂದು ಪಕ್ಕಕ್ಕೆ ಎಳೆಯುತ್ತದೆ, ನಕ್ಷೆಯೂ ಸೊಟ್ಟಗಾಗಿದೆ. ಮನೆಯಲ್ಲಿ ಪಮೇರಿಯನ್ ಇದೆ. — ಬೆಳಗಾವಿಯ ಓದುಗರು

ಯಂತ್ರ ಬೋರಲು ಹಾಕಿ ಮುಂದಿನ ಪುಟ್ಟ ಚಕ್ರವನ್ನು ಬೆರಳಲ್ಲಿ ತಿರುಗಿಸಿ. ಸಲೀಸಾಗಿ ತಿರುಗದೆ ತಡೆತಡೆದು ನಿಂತರೆ ಕಾರಣ ಸಿಕ್ಕಿತು. ಅದನ್ನು ಬೆರಳಲ್ಲೋ, ಚಮಚದ ಹಿಡಿಯಿಂದ ಮೀಟಿಯೋ ನೇರ ಮೇಲಕ್ಕೆ ಎಳೆಯಿರಿ, ಸ್ಕ್ರೂ ಇರುವುದಿಲ್ಲ, ಟಕ್ಕೆಂದು ಬರುತ್ತದೆ. ಚಕ್ರವನ್ನು ಚೌಕಟ್ಟಿನಿಂದ ಒತ್ತಿ ಬಿಡಿಸಿದರೆ ಅಚ್ಚಿನ ಎರಡೂ ತುದಿಯಲ್ಲಿ ಬಿಳಿ ಕೂದಲು ಉಂಗುರದ ಹಾಗೆ ಬಿಗಿದಿರುವುದು ಕಾಣುತ್ತದೆ. ಚಿಮಟದಿಂದ ಒಂದು ಎಳೆ ಹಿಡಿದು ಬಿಚ್ಚುತ್ತ ಹೋಗಿ, ಬ್ಲೇಡ್ ಹಾಕಿದರೆ ಅಚ್ಚಿಗೆ ಗೀರು ಬೀಳುತ್ತದೆ. ಸೈಡ್ ಬ್ರಷ್‌ನ ಸ್ಕ್ರೂ ಬಿಚ್ಚಿ ಅದರಡಿಯ ಕೂದಲನ್ನೂ ತೆಗೆಯಿರಿ. ಎರಡು ದೊಡ್ಡ ಚಕ್ರಗಳನ್ನು ಒಳಕ್ಕೆ ಒತ್ತಿ ಬಿಡಿ, ಎರಡೂ ಒಂದೇ ರೀತಿ ಪುಟಿಯಬೇಕು. ಅಡಿಯ ಸೆನ್ಸರ್ ಕಿಟಕಿಗಳನ್ನು, ಚಾರ್ಜಿಂಗ್ ಪಟ್ಟಿಗಳನ್ನು ಒಣ ಬಟ್ಟೆಯಲ್ಲಿ ಒರೆಸಿ. ಎಣ್ಣೆ, ಗ್ರೀಸ್ ಎಲ್ಲೂ ಹಾಕಬೇಡಿ, ಕೂದಲು ಅದಕ್ಕೇ ಅಂಟುತ್ತದೆ. ಆಮೇಲೆ ಹಳೇ ನಕ್ಷೆ ಅಳಿಸಿ, ಬಾಗಿಲೆಲ್ಲ ತೆಗೆದಿಟ್ಟು, ಡಾಕ್‌ನಿಂದಲೇ ಹೊರಡಿಸಿ ಹೊಸ ನಕ್ಷೆ ಮಾಡಿಸಿ. ಇಷ್ಟಾದರೂ ಪಕ್ಕಕ್ಕೆ ಎಳೆದರೆ ದೊಡ್ಡ ಚಕ್ರವೊಂದರ ಮೋಟಾರ್ ಸೋತಿದೆ. ವಾರಂಟಿ ಸಾಮಾನ್ಯವಾಗಿ ಒಂದು ವರ್ಷ ಇರುತ್ತದೆ, ಬಿಲ್ ಹುಡುಕಿಟ್ಟುಕೊಂಡು ಈಗಲೇ ಸರ್ವಿಸ್‌ಗೆ ಕೊಡಿ.